ಅಮ್ಮನ ಪಟದ ಹಿಂದಿನ ಮೂರು ಕವರು

ಮೊನ್ನೆ ಗುರುವಾರ ಬೆಳಿಗ್ಗೆ ಮರಕೆಸುವಿನ ಎಲೆಯನ್ನು ಮಗುಚಿ ಹಾಕಿ ಬೆನ್ನಿನ ದಪ್ಪ ನರವನ್ನು ಚೂರಿಯಲ್ಲಿ ಹೆರೆಯುತ್ತಿದ್ದೆ. ಮಳೆಗೆ ನೆನೆದ ಮರದ ತೊಗಟೆಯ ವಾಸನೆ ಆ ಎಲೆಗೆ. ಹಿಂದಿನ ದಿನವಷ್ಟೇ ಕಾರ್ಕಳದಿಂದ ಬಂದ ಕಟ್ಟು. ಹದಿನಾಲ್ಕು ಎಲೆ, ಎಲ್ಲ ಸಣ್ಣದು. ಆದರೂ ಒಂದೂ ಹರಿದಿರಲಿಲ್ಲ, ಅದೊಂದು ಪುಣ್ಯ. ಎಲೆಗೆ ಹಿಟ್ಟು ಸವರಿ ಸುತ್ತಿ ಬೇಯಿಸುವ ಪತ್ರೊಡೆಗೆ ಅಕ್ಕಿ, ಹುಣಸೆ, ಮೆಣಸು ಅರೆದು ಆಗಿತ್ತು. ಅರೆದು ಮುಗಿದ ಮೇಲೆ ಕರೆಂಟು ಹೋಯಿತು, ಅದು ಇನ್ನೊಂದು ಪುಣ್ಯ. ಏಳನೆಯ ಎಲೆ ಕೈಯಲ್ಲಿದ್ದಾಗ ಫೋನ್ ಬಂತು.

ಕಾರ್ಕಳದ ಡಾಕ್ಟ್ರಮ್ಮನ ಕ್ಲಿನಿಕ್ಕಿನಲ್ಲಿ ಮದ್ದು ಕಟ್ಟಿ ಕೊಡುವ ಹೆಂಗಸು.

"ಅಕ್ಕಾ, ನಮ್ಮ ಡಾಕ್ಟ್ರಮ್ಮ ಹೋದ್ರು. ಬೆಳಿಗ್ಗೆ ಚಾ ಕುಡಿದು ಕುರ್ಚಿಯಲ್ಲಿ ಕೂತವರು... ಹಾಗೆಯೇ. ನಿಮ್ಮ ಡಾಕ್ಟ್ರು ಸರ್ ಫೋನ್ ತೆಗೀತಾ ಇಲ್ಲ, ಆಪರೇಷನ್ನಲ್ಲಿ ಇದ್ದಾರೋ ಎಂತದೋ. ನೀವೇ ಒಮ್ಮೆ ಹೇಳ್ತೀರಾ?"

"ಹೇಳ್ತೇನೆ" ಎಂದೆ.

ಫೋನನ್ನು ಸೆರಗಿನಲ್ಲಿ ಒರೆಸಿ ಕೆಳಗಿಟ್ಟೆ. ಮತ್ತೆ ಅದೇ ಏಳನೆಯ ಎಲೆಯನ್ನು ಕೈಗೆ ತೆಗೆದುಕೊಂಡೆ. ಹೇಳುತ್ತೇನೆ ಎಂದವಳು ಸುಮ್ಮನೆ ಕೂತೆ.

ಹೋದವರ ವಿಷಯದಲ್ಲಿ ಒಳ್ಳೆಯದನ್ನೇ ಬರೆಯಬೇಕಂತೆ. ಅವರ ವಿಷಯದಲ್ಲಿ ಕೆಟ್ಟದ್ದು ಬರೆಯಲು ನನ್ನ ಹತ್ತಿರ ಏನೂ ಇಲ್ಲ. ಇರುವ ಕೆಟ್ಟದ್ದೆಲ್ಲ ನನ್ನದೇ. ಇಪ್ಪತ್ತೈದು ವರ್ಷ ನಾನು ಆ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಬಾಯಲ್ಲಿ 'ಅವರು' ಎನ್ನುತ್ತಿದ್ದೆ, ಮನಸ್ಸಿನೊಳಗೆ 'ಅವಳು'.

ನಮ್ಮವರು ಸರ್ಜನ್. ಮುಂಬೈಯಲ್ಲಿ ಕಲಿತು ಬಂದು ಉಡುಪಿಯಲ್ಲಿ ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಒಂದು ಕೋಣೆ ಹಿಡಿದು ಬೋರ್ಡು ಹಾಕಿದರು. ಬೋರ್ಡು ನೋಡಿ ಬಂದವರು ಕೆಳಗಿನ ಅಂಗಡಿಗೆ ದಾರಿ ಕೇಳುವವರು ಮಾತ್ರ. ಸರ್ಜನ್ನಿನ ಹತ್ತಿರ ಜನ ತಾವಾಗಿ ಬರುವುದಿಲ್ಲ. ಊರಿನಲ್ಲಿ ಜ್ವರ, ಕೆಮ್ಮು ನೋಡುವ ಡಾಕ್ಟ್ರು ಹೊಟ್ಟೆ ಒತ್ತಿ ನೋಡಿ, 'ಇದು ನನ್ನ ಕೈಯಲ್ಲಿ ಆಗುವುದಲ್ಲ, ಇಂಥವರ ಹತ್ತಿರ ಹೋಗು' ಎಂದು ಚೀಟಿ ಬರೆದುಕೊಟ್ಟರೆ ಬರುತ್ತಾರೆ. ಆಗ ಎಲ್ಲ ಊರಿನ ಚೀಟಿಯೂ ಮಣಿಪಾಲದ ದೊಡ್ಡ ಆಸ್ಪತ್ರೆಗೆ ಹೋಗುತ್ತಿತ್ತು. ಹೆಸರು ಕೇಳದ ಒಬ್ಬ ಹೊಸ ಹುಡುಗನಿಗೆ ಯಾರು ಯಾಕೆ ಕೊಡುತ್ತಾರೆ?

ಹಾಗಾಗಿ ಆದಿತ್ಯವಾರ ಬಂತೆಂದರೆ ನಾವಿಬ್ಬರು ಸ್ಕೂಟರಿನಲ್ಲಿ ಡಾಕ್ಟ್ರುಗಳ ಮನೆ ಮನೆ ತಿರುಗುವುದು. ಕಾಪು, ನನ್ನ ತವರು ಉಚ್ಚಿಲ, ಅತ್ತ ಹೂಡೆ, ಇತ್ತ ಹಿರಿಯಡ್ಕ. ಇವರು ಒಳಗೆ ಹೋಗಿ ಮೇಜಿನ ಮೇಲೆ ಕಾರ್ಡು ಇಟ್ಟು ಕೈಮುಗಿಯುವುದು, ನಾನು ಹೊರಗೆ ಬೆಂಚಿನಲ್ಲಿ ಕೂತು ನಮ್ಮ ಉಚ್ಚಿಲದ ಮಹಾಲಕ್ಷ್ಮಿ ಅಮ್ಮನ ಹೆಸರು ಹೇಳುವುದು. ಒಂದು ಕಡೆ, ಯಾವ ಊರೆಂದು ಬೇಡ, "ನಾನು ಕಳಿಸಿದರೆ ನೀವು ನನಗೆ ಎಂತ ಕೊಡ್ತೀರಿ?" ಎಂದು ನಗುತ್ತಲೇ ಕೇಳಿದರು. "ಕಾಗದ ಕೊಡ್ತೇನೆ ಸರ್. ನಿಮ್ಮ ರೋಗಿಗೆ ಎಂತ ಮಾಡಿದೆ ಅಂತ ಪ್ರತಿಯೊಂದೂ ಬರೆದು ಕಳಿಸ್ತೇನೆ" ಎಂದರು ಇವರು. ಅಲ್ಲಿಂದ ಯಾರೂ ಬರಲಿಲ್ಲ.

ಕಾರ್ಕಳಕ್ಕೆ ಹೋದದ್ದು ಕೊನೆಗೆ. ಕ್ಲಿನಿಕ್ಕಿನ ಹಿಂದೆ ದೊಡ್ಡ ಹಲಸಿನ ಮರ, ಅದರ ಕವಲಿನಲ್ಲಿ ಕೆಸು ಬೆಳೆದಿತ್ತು. ಡಾಕ್ಟ್ರಮ್ಮ ಇವರಿಗಿಂತ ಎಂಟು ಹತ್ತು ವರ್ಷ ದೊಡ್ಡವರು. ಮದುವೆಯಾಗಿರಲಿಲ್ಲ, ತಾಯಿಯ ಜೊತೆ ಇದ್ದರು. ಬಳೆ ಇಲ್ಲದ ಕೈ, ಅದಕ್ಕೊಂದು ಗಂಡಸರ ವಾಚು. ಇವರನ್ನು ಕೂರಿಸಿಕೊಂಡು ಅರ್ಧ ಗಂಟೆ ಪರೀಕ್ಷೆ ಮಾಡಿದ ಹಾಗೆ ಪ್ರಶ್ನೆ ಕೇಳಿದರು. ಬಾಗಿಲು ತೆರೆದೇ ಇತ್ತು, ನನಗೆ ಎಲ್ಲ ಕೇಳಿಸುತ್ತಿತ್ತು.

"ನನ್ನದು ಒಂದೇ ಮಾತು. ನಾನು ಕಳಿಸಿದವರು ಎಂತ ಆದ್ರು ಅಂತ ನನಗೆ ಗೊತ್ತಾಗಬೇಕು. ಕಾಗದ ಬಂದ್ರೆ ಇನ್ನೊಬ್ಬರನ್ನು ಕಳಿಸ್ತೇನೆ. ಕಾಗದ ಬರದಿದ್ರೆ ಅಲ್ಲಿಗೆ ಮುಗೀತು. ನೆನಪು ಮಾಡುವವಳಲ್ಲ ನಾನು."

ಹೊರಗೆ ಬರುವಾಗ ನನ್ನನ್ನು ನೋಡಿದರು. ಮೇಲಿಂದ ಕೆಳಗೆ ನೋಡಿ ಇವರನ್ನು ಕೇಳಿದರು: "ಇವರು ನಿಮ್ಮ ಸಿಸ್ಟರಾ?"

ನರ್ಸಾ ಎಂದು ಕೇಳಿದ್ದು. ಇವರು ಗಡಿಬಿಡಿಯಲ್ಲಿ "ಅಲ್ಲ ಅಲ್ಲ, ಮನೆಯವರು" ಎಂದರು. ಅವರು ಜೋರಾಗಿ ನಕ್ಕರು, ಇವರೂ ನಕ್ಕರು. ನಾನು ಮದುವೆಯ ಸಮಯದ ನೀಲಿ ಸೀರೆ ಉಟ್ಟಿದ್ದೆ, ಮುಡಿ ತುಂಬ ಮಲ್ಲಿಗೆ ಇತ್ತು. ನರ್ಸು ಆಸ್ಪತ್ರೆಗೆ ಮಲ್ಲಿಗೆ ಮುಡಿದು ಹೋಗುತ್ತಾಳಾ? ಆ ಹೊತ್ತಿನಲ್ಲಿ ಎದೆಯೊಳಗೆ ಚುಚ್ಚಿದ್ದು ಆಮೇಲೆ ಹೊರಗೆ ಬರಲೇ ಇಲ್ಲ.

ಮುಂದಿನ ವಾರವೇ ಕಾರ್ಕಳದಿಂದ ಒಬ್ಬರು ಬಂದರು. ಆಮೇಲೆ ಇಬ್ಬರು. ಹಿರಿಯಡ್ಕದ ಡಾಕ್ಟ್ರು ಈ ಡಾಕ್ಟ್ರಮ್ಮನನ್ನು ಕೇಳಿಯೇ ಮುಂದೆ ಹೆಜ್ಜೆ ಇಡುವವರು, ಅವರೂ ಕಳಿಸತೊಡಗಿದರು. ಮಾಳಿಗೆಯ ಮೆಟ್ಟಿಲಲ್ಲಿ ಚಪ್ಪಲಿ ಕಾಣಲು ಸುರುವಾಯಿತು. ನನ್ನ ಹರಕೆ ಫಲಿಸಿತು ಎಂದು ಉಚ್ಚಿಲಕ್ಕೆ ಹೋಗಿ ಕುಂಕುಮಾರ್ಚನೆ ಮಾಡಿಸಿ ಬಂದೆ. ಫಲ ಕೊಟ್ಟದ್ದು ದೇವಿ, ಕಳಿಸಿದ್ದು ಅವಳು. ಅದೊಂದು ನನಗೆ ನುಂಗಲು ಆಗುತ್ತಿರಲಿಲ್ಲ.

ರಾತ್ರಿ ಊಟ ಮುಗಿದ ಮೇಲೆ ಇವರು ಅದೇ ಮೇಜಿನಲ್ಲಿ ಕಾಗದ ಬರೆಯುತ್ತಿದ್ದರು. ನನಗೂ ಒಂದು ಕೆಲಸ ಕೊಟ್ಟಿದ್ದರು. ಮಡಚಿ, ಕವರಿಗೆ ಹಾಕಿ, ಅಡ್ರೆಸ್ ಬರೆದು, ಬೆಳಿಗ್ಗೆ ಕಾರ್ಕಳ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು. ನಮ್ಮ ಕಡೆಯ ಕಂಡಕ್ಟರುಗಳು ಊಟದ ಬುತ್ತಿಯಿಂದ ಹಿಡಿದು ಮದುವೆ ಕಾಗದದವರೆಗೆ ಎಲ್ಲ ತಲುಪಿಸುತ್ತಾರೆ. ಕಾಪುವಿನ ಡಾಕ್ಟ್ರಿಗೆ ಬರೆಯುವಾಗ ನಾಲ್ಕು ಸಾಲು. ಕಾರ್ಕಳಕ್ಕೆ ಬರೆಯುವಾಗ ಒಂದು ಪುಟ, ಕೆಲವು ಸಲ ಅದರ ಬೆನ್ನಿಗೂ. ನಾನು ಪಿಯುಸಿ ಓದಿದವಳು, ಇಂಗ್ಲಿಷು ನಿಧಾನಕ್ಕೆ ಅರ್ಥವಾಗುತ್ತದೆ. 'ಈ ಸಂಭಾವಿತ ಹೆಂಗಸನ್ನು ನನ್ನಲ್ಲಿಗೆ ಕಳಿಸಿಕೊಟ್ಟದ್ದಕ್ಕೆ ತುಂಬ ಧನ್ಯವಾದ' ಎಂದು ಸುರು. ಪ್ರತಿ ಕಾಗದವೂ ಹಾಗೆಯೇ. ಯಾರನ್ನೋ ಕಳಿಸಿದ್ದಕ್ಕೆ ತುಂಬ ಧನ್ಯವಾದ! ನಾನು ದಿನಾ ಮಧ್ಯಾಹ್ನ ಬಿಸಿಬಿಸಿ ಬುತ್ತಿ ಕಳಿಸುತ್ತಿದ್ದೆ. ಒಂದು ದಿನವಾದರೂ ಬರೆದದ್ದುಂಟಾ?

ಒಮ್ಮೆ ತಮಾಷೆಗೆಂದು ಮೀನಿನ ಬುತ್ತಿಯ ಮುಚ್ಚಳದೊಳಗೆ ಚೀಟಿ ಇಟ್ಟೆ. 'ಈ ಸಂಭಾವಿತ ಬಂಗುಡೆಯನ್ನು ನಿಮ್ಮಲ್ಲಿಗೆ ಕಳಿಸುತ್ತಿದ್ದೇನೆ. ದಯವಿಟ್ಟು ಪರೀಕ್ಷಿಸಿ ತಿಳಿಸಬೇಕು.' ಸಂಜೆ ಬುತ್ತಿ ಖಾಲಿಯಾಗಿ ಬಂತು. "ಎಂತ ಮಾರಾಯ್ತಿ ಅದು ಚೀಟಿ? ಎಣ್ಣೆ ತಾಗಿ ಓದ್ಲಿಕ್ಕೇ ಆಗ್ಲಿಲ್ಲ" ಎಂದರು. ಅಷ್ಟೇ.

ಅಲ್ಲಿಂದ ಬರುವ ಚೀಟಿಯನ್ನು ಮಾತ್ರ ಇವರು ಎರಡೆರಡು ಸಲ ಓದುವುದು. 'ಹೋದ ಸಲದ ನಿಮ್ಮ ಹೊಲಿಗೆ ನೋಡಿದೆ, ಬಹಳ ಚೆಂದ ಉಂಟು' ಎಂದು ಅವಳು ಬರೆದದ್ದನ್ನು ಓದಿ ನನಗೆ ತೋರಿಸಿದರು. ಮನೆಯ ಕಿಟಕಿಯ ಪರದೆ, ತಲೆದಿಂಬಿನ ಹೊದಿಕೆ, ಇವರ ಅಂಗಿಯ ಗುಂಡಿ ಎಲ್ಲ ನನ್ನ ಹೊಲಿಗೆ. ಅದು ಚೆಂದ ಉಂಟೆಂದು ಯಾರು ಬರೆಯಬೇಕು?

"ಸ್ಕ್ಯಾನ್ ಇಲ್ಲ, ಎಂತ ಇಲ್ಲ, ಬರೇ ಕೈ ಇಟ್ಟು ಹೇಳಿದ್ದಾರೆ ಮಾರಾಯ್ತಿ. ಹೊಟ್ಟೆ ತೆರೆದು ನೋಡಿದ್ರೆ ಅದೇ!" ಎಂದು ಊಟದ ಮಧ್ಯೆ ಹೇಳುತ್ತಿದ್ದರು. ಮುಖ ಅರಳುತ್ತಿತ್ತು. ನನ್ನ ಸಾರು ಆರುತ್ತಿತ್ತು.

ಆಟಿ ತಿಂಗಳಲ್ಲಿ, ಆಷಾಢದ ಮಳೆ ಸುರಿಯುವಾಗ, ರೋಗಿಗಳ ಕೈಯಲ್ಲಿ ಚೀಟಿಯ ಜೊತೆ ಮರಕೆಸುವಿನ ಎಲೆ ಬರುತ್ತಿತ್ತು, ಪೇಪರಿನಲ್ಲಿ ಸುತ್ತಿ ಬಾಳೆನಾರು ಕಟ್ಟಿ. ಮೊದಲ ವರ್ಷ ಒಂದಿಡೀ ದಿನ ಕೂತು ಪತ್ರೊಡೆ ಮಾಡಿದೆ. ಇವರು ನಾಲ್ಕು ತುಂಡು ತಿಂದು, ಕೈ ನೆಕ್ಕಿ, "ಏನೇ ಹೇಳು, ಕಾರ್ಕಳದ ಎಲೆಯೇ ಎಲೆ" ಎಂದರು. ಅರೆದದ್ದು ನಾನು, ಸುತ್ತಿದ್ದು ನಾನು, ಎರಡು ಗಂಟೆ ಹೊಗೆ ತಿಂದು ಬೇಯಿಸಿದ್ದು ನಾನು...

ಅದು ಮೂರನೆಯ ವರ್ಷದ ಮಳೆಗಾಲ. ದೇವರ ಎದುರು ನಿಂತು ನಾನು ಏನೆಲ್ಲ ಕೇಳಿಕೊಂಡಿದ್ದೇನೆಂದು ಈಗ ಬರೆಯಲು ನಾಚಿಕೆ. ಆ ಹೆಂಗಸಿಗೆ ದೂರದ ಯಾವುದಾದರೂ ಊರಿನಲ್ಲಿ ಒಳ್ಳೆಯ ಕೆಲಸ ಸಿಗಲಿ ತಾಯೀ ಎಂದು ಬೇಡುತ್ತಿದ್ದೆ. ಕೆಟ್ಟದ್ದು ಬೇಡಲಿಲ್ಲ, ಅಷ್ಟಾದರೂ ಬುದ್ಧಿ ಇತ್ತು. ಒಂದು ದಿನ ಕವರಿಗೆ ಅಡ್ರೆಸ್ ಬರೆದು ಬಸ್ಸಿಗೆ ಹೊರಟವಳು ಹೊರಗೆ ಜಡಿಮಳೆ ನೋಡಿ ನಿಂತೆ. ನಾಳೆ ಕೊಟ್ಟರಾಯಿತು ಎಂದು ಕವರನ್ನು ದೇವರ ಕೋಣೆಯ ಮಹಾಲಕ್ಷ್ಮಿ ಅಮ್ಮನ ಪಟದ ಹಿಂದೆ ಸಿಕ್ಕಿಸಿದೆ. ಮರುದಿನ ಮಳೆ ಇರಲಿಲ್ಲ. ಕವರು ಅಲ್ಲೇ ಉಳಿಯಿತು. ಎರಡನೆಯದೂ ಅಲ್ಲಿಗೇ ಹೋಯಿತು, ಮೂರನೆಯದೂ. ನಾನು ಹರಿಯಲಿಲ್ಲ, ಬಿಸಾಡಲಿಲ್ಲ, ದೇವಿಯ ಕೈಗೆ ಕೊಟ್ಟಿದ್ದೇನೆ, ಅವಳಿಗೆ ಬೇಕಾದರೆ ತಲುಪಿಸಲಿ ಎಂದು ನನಗೆ ನಾನೇ ಹೇಳಿಕೊಂಡೆ. ದಿನಾ ಬೆಳಿಗ್ಗೆ ಪಟಕ್ಕೆ ಕುಂಕುಮ ಇಡುವಾಗ ಕವರಿನ ಅಂಚು ಕಾಣುತ್ತಿತ್ತು. ಇವರು ಕೇಳಿದರೆ "ಬಸ್ಸಿಗೆ ಕೊಟ್ಟಾಯಿತು" ಎನ್ನುತ್ತಿದ್ದೆ.

ಇವರ ಕ್ಲಿನಿಕ್ಕಿನ ಫೋನು ಮಳೆಗೆ ಸತ್ತಿತ್ತು. ಡಾಕ್ಟ್ರಮ್ಮ ನಮ್ಮ ಮನೆಗೆ ಎರಡು ಸಲ ಮಾಡಿದರು. "ಡಾಕ್ಟ್ರು ಇದ್ದಾರಾ?" ಎಂದು ಕೇಳಿದರು. "ಇಲ್ಲ" ಎಂದೆ. ಇರಲಿಲ್ಲ, ಅದು ಸುಳ್ಳಲ್ಲ. "ಬಂದಾಗ ಫೋನ್ ಮಾಡ್ಲಿಕ್ಕೆ ಹೇಳಿ" ಎಂದರು. "ಹೇಳ್ತೇನೆ" ಎಂದೆ. ಅದು ಸುಳ್ಳು.

ಕಾರ್ಕಳದಿಂದ ಬರುವವರು ನಿಂತರು. ಹಿರಿಯಡ್ಕದವರೂ ನಿಂತರು. ಮೆಟ್ಟಿಲಿನ ಚಪ್ಪಲಿಗಳು ಒಂದೊಂದಾಗಿ ಕಾಣದಾದವು. ಐದು ವಾರ. ನಾನು ಅಂದುಕೊಂಡದ್ದು ಕಾಗದ ನಿಲ್ಲುತ್ತದೆ ಎಂದು ಮಾತ್ರ, ರೋಗಿಗಳು ನಿಲ್ಲುತ್ತಾರೆಂದು ಅಲ್ಲ. ಅವರು ಮೊದಲ ದಿನವೇ ಹೇಳಿದ್ದರಲ್ಲ, ಬಾಗಿಲ ಹೊರಗೆ ಕೂತು ನನ್ನ ಕಿವಿಯಾರೆ ಕೇಳಿದ್ದೆನಲ್ಲ. ಹೊಟ್ಟೆಯಲ್ಲಿ ಕಿಚ್ಚು ಇರುವಾಗ ಕೇಳಿದ್ದು ನೆನಪಿರುವುದಿಲ್ಲ.

ಯಾಕೆ ಕಳಿಸುತ್ತಿಲ್ಲ ಎಂದು ಇವರು ಅವರನ್ನು ಕೇಳುವ ಹಾಗಿರಲಿಲ್ಲ. ಸರ್ಜನ್ ಆದವನು ಹಾಗೆ ಕೇಳಿದರೆ ಭಿಕ್ಷೆ ಬೇಡಿದ ಹಾಗೆ ಎಂದು ಇವರ ಲೆಕ್ಕ. ಅದರ ಬದಲು ತನ್ನನ್ನೇ ಸಂಶಯಪಟ್ಟರು. ಹಳೆಯ ಫೈಲುಗಳನ್ನು ಮನೆಗೆ ತಂದು ತಿರುಗಿಸಿದರು. "ಯಾರದ್ದೋ ಗಾಯ ಕೆಟ್ಟಿರಬೇಕು. ಅವರು ಮರ್ಯಾದೆಗೆ ಹೇಳ್ತಾ ಇಲ್ಲ" ಎಂದರು. ಒಂದು ದಿನ ಗಂಜಿ ಊಟಕ್ಕೆ ಕೂತವರು ಚಮಚದ ತುಂಬ ತಿಳಿ ತೆಗೆದು, ಕೈ ಉದ್ದಕ್ಕೆ ಚಾಚಿ ಹಿಡಿದು, "ನೋಡು ಮಾರಾಯ್ತಿ, ನನ್ನ ಕೈ ನಡುಗ್ತದಾ?" ಎಂದು ಕೇಳಿದರು.

ಚಮಚದಲ್ಲಿ ತಿಳಿ ಅಲ್ಲಾಡಲಿಲ್ಲ. "ಇಲ್ಲ" ಎಂದೆ. ಎದ್ದು ಉಪ್ಪಿನಕಾಯಿಯ ಭರಣಿ ತಂದಿಟ್ಟೆ.

"ದುಬಾಯಿಯ ಆಸ್ಪತ್ರೆಗೆ ಅರ್ಜಿ ತಂದಿದ್ದೇನೆ. ಡ್ಯೂಟಿ ಡಾಕ್ಟ್ರು ಕೆಲಸ. ಕತ್ತಿ ಹಿಡಿಯುವುದು ಬೇಡ, ಜ್ವರ ನೋಡಿಕೊಂಡು ಇದ್ರಾಯ್ತು" ಎಂದರು. ಹೇಳಿ ಗಂಜಿಗೆ ಉಪ್ಪಿನಕಾಯಿ ಹಚ್ಚಿಕೊಂಡರು. ಹನ್ನೊಂದು ವರ್ಷ ಕಲಿತ ವಿದ್ಯೆ. ನಾನು ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬಾಯಿ ತೆರೆದೆ, ಬಂದದ್ದು "ಇನ್ನೊಂದು ಸೌಟು ಹಾಕಲಾ?" ಎಂಬ ಮಾತು.

ಅದಾಗಿ ನಾಲ್ಕನೆಯ ದಿನ ಮಧ್ಯಾಹ್ನ ಬಾಗಿಲು ಬಡಿಯಿತು. ತೆರೆದರೆ ಕಾರ್ಕಳದ ಡಾಕ್ಟ್ರಮ್ಮ. ಸೀರೆಯ ಅಂಚು ಮೊಣಕಾಲಿನವರೆಗೆ ಒದ್ದೆ. ಹಿಂದೆ ಒಬ್ಬಳು ಬೀಡಿ ಕಟ್ಟುವ ಹೆಂಗಸು, ಎದೆಗೆ ಬಟ್ಟೆಯ ಚೀಲ ಅವುಚಿ ಹಿಡಿದಿದ್ದಳು. ಕಿವಿಯ ತೂತಿನಲ್ಲಿ ಓಲೆ ಇಲ್ಲ, ತೂತು ಮುಚ್ಚದಿರಲೆಂದು ಪೊರಕೆ ಕಡ್ಡಿಯ ಚೂರು ಸಿಕ್ಕಿಸಿಕೊಂಡಿದ್ದಳು.

"ಕ್ಲಿನಿಕ್ಕಿಗೆ ಹೋದೆವು, ಬೀಗ ಇತ್ತು. ಇವಳ ಎದೆಯ ಗಂಟು ತೆಗೆದದ್ದು ನಿಮ್ಮವರೇ. ಟೆಸ್ಟಿಗೆ ಕಳಿಸಿದ್ದೇನೆ, ರಿಪೋರ್ಟ್ ಬಂದ ಕೂಡಲೇ ಬರೀತೇನೆ ಅಂದಿದ್ರಂತೆ. ಬರಲಿಲ್ಲ. ಎರಡು ಸಲ ಫೋನ್ ಮಾಡಿದೆ. ಫೋನ್ ತೆಗೆದದ್ದು ನೀವೇ, ಅಲ್ವಾ?"

ಇವರದ್ದೊಂದು ಕ್ರಮ ಉಂಟು. ಬೇರೆ ಡಾಕ್ಟ್ರು ಕಳಿಸಿದ ರೋಗಿಗೆ ಇಂಥ ಫಲಿತಾಂಶವನ್ನು ತಾವು ಹೇಳುವುದಿಲ್ಲ. ಆ ಡಾಕ್ಟ್ರಿಗೆ ಬರೆಯುತ್ತಾರೆ, ಗುರುತಿನವರ ಬಾಯಿಯಿಂದಲೇ ಅವರಿಗೆ ಗೊತ್ತಾಗಲಿ ಎಂದು. ಮೂರನೆಯ ಕವರಿನಲ್ಲಿ ಇದ್ದದ್ದು ಅದು.

ಆ ಹೆಂಗಸು ಚಾವಡಿಯ ಮೂಲೆಯಲ್ಲಿ ಕೂತು ತುಳುವಿನಲ್ಲಿ ಹೇಳಿದಳು, ಮಗಳನ್ನು ತಂಗಿಯ ಮನೆಯಲ್ಲಿ ಬಿಟ್ಟು ಬಂದಿದ್ದಾಳಂತೆ, ಓಲೆಯನ್ನೂ ಮಗಳಿಗೆಂದು ತಂಗಿಯ ಕೈಗೆ ಕೊಟ್ಟಿದ್ದಾಳಂತೆ. "ಸುದ್ದಿ ಬರಲಿಲ್ಲ ಅಂದ್ರೆ ಅದೇ ರೋಗ ಅಲ್ವಾ ಅಕ್ಕ? ಒಳ್ಳೆದಿದ್ರೆ ಹೇಳ್ತಿದ್ರು."

ನಾನು ದೇವರ ಕೋಣೆಗೆ ಹೋದೆ. ಮೂರೂ ಕವರನ್ನು ತಂದು ಡಾಕ್ಟ್ರಮ್ಮನ ಕೈಗೆ ಕೊಟ್ಟೆ. ಅಂಚಿಗೆಲ್ಲ ಕುಂಕುಮ ಹತ್ತಿತ್ತು. ಮೇಲೆ ನನ್ನದೇ ಅಕ್ಷರ. ಅವರು ಕುಂಕುಮವನ್ನು ನೋಡಿದರು, ನನ್ನ ಮುಖವನ್ನು ನೋಡಿದರು, ನಾನು ಮೇಲಿಟ್ಟು ಕೊಟ್ಟಿದ್ದ ಮೂರನೆಯದನ್ನು ಹರಿದು ಓದಿದರು. ಓದುವಷ್ಟು ಹೊತ್ತು ನಾನು ಉಚ್ಚಿಲದ ಅಮ್ಮನಿಗೆ ಏನೆಲ್ಲ ಹೇಳಿಕೊಂಡೆ...

"ಓಲೆ ವಾಪಸ್ ಕೇಳಿ ಹಾಕ್ಕೋ ಮಾರಾಯ್ತಿ" ಎಂದರು ಆ ಹೆಂಗಸಿಗೆ. "ಬರೀ ಕೊಬ್ಬಿನ ಗಂಟು. ನಿನಗೆ ಎಂತದೂ ಇಲ್ಲ. ಮಗಳ ಮದುವೆಗೆ ನೀನೇ ನಿಂತು ಬಡಿಸಬೇಕು."

ಅವಳು ಮೊದಲು ಅತ್ತಳು, ಆಮೇಲೆ ನಕ್ಕಳು. ಆಮೇಲೆ ಎದ್ದು ಬಂದು ನನ್ನ ಕಾಲು ಹಿಡಿದಳು. ನಾನು ಹಿಂದೆ ಸರಿದರೂ ಬಿಡಲಿಲ್ಲ. "ಅಕ್ಕ ನನ್ನ ಕಾಗದವನ್ನು ಅಮ್ಮನ ಪಟದ ಹತ್ತಿರ ಇಟ್ಟು ಪೂಜೆ ಮಾಡಿದ್ದಾರೆ. ಹಾಗಾಗಿ ಒಳ್ಳೆ ಸುದ್ದಿ ಆಯಿತು" ಎಂದಳು.

ಐದು ವಾರ ಅವಳನ್ನು ದಿನಾ ಸಾಯಿಸಿದವಳ ಕಾಲು ಅದು. ಡಾಕ್ಟ್ರಮ್ಮ ಕೇಳಿಸಿಕೊಂಡರು. ತಿದ್ದಲಿಲ್ಲ.

ಚಾ ಮಾಡಲೆಂದು ನಾನು ಅಡುಗೆಮನೆಗೆ ಓಡಿದೆ. ಅವರು ಹಿಂದೆಯೇ ಬಂದು ಬಾಗಿಲಿಗೆ ಒರಗಿ ನಿಂತರು.

"ನನಗೆ ನಿಮ್ಮ ಗಂಡ ಬೇಡ ಮಾರಾಯ್ರೆ" ಎಂದರು, ಸ್ವರ ತಗ್ಗಿಸಿ. "ಅವರ ಕಾಗದ ಬೇಕು. ಅಲ್ಲಿ ನನ್ನೊಟ್ಟಿಗೆ ರೋಗದ ವಿಷಯ ಮಾತಾಡ್ಲಿಕ್ಕೆ ಯಾರೂ ಇಲ್ಲ. ಅಷ್ಟೇ ನನ್ನ ಆಸೆ."

ಚಾ ಉಕ್ಕಿತು. ಅವರೇ ಗ್ಯಾಸ್ ಸಣ್ಣ ಮಾಡಿದರು.

"ಇವರಿಗೆ ಹೇಳ್ತೀರಾ?" ಎಂದೆ ಕೊನೆಗೆ.

"ಎಂತ ಹೇಳುವುದು? ಮಳೆಗಾಲದಲ್ಲಿ ಕಾಗದ ತಡ ಆಗ್ತದೆ." ಚಾ ತೆಗೆದುಕೊಂಡು ಹೊರಗೆ ಹೋಗುವಾಗ ತಿರುಗಿ, "ಫೋನು ಮಾತ್ರ ಇನ್ನು ಹಾಗೆ ಮಾಡಬೇಡಿ" ಎಂದರು.

ಸಂಜೆ ಇವರು ಬಂದಾಗ "ಕಾರ್ಕಳದವರು ಬಂದಿದ್ರು, ಕಾಗದಗಳು ತಡವಾಗಿ ಸಿಕ್ಕಿದವಂತೆ" ಎಂದೆ. ಇವರು ಕುರ್ಚಿಯಲ್ಲಿ ಕೂತು ಒಂದು ಉಸಿರು ಬಿಟ್ಟರು. ಹಾಗೆ ಉಸಿರು ಬಿಟ್ಟದ್ದನ್ನು ನಾನು ಮತ್ತೆ ಕಂಡಿಲ್ಲ. ದುಬಾಯಿಯ ಅರ್ಜಿಯಲ್ಲಿ ಮರುದಿನ ನಾನು ಒಲೆ ಒರೆಸಿದೆ. ಮುಂದಿನ ಸೋಮವಾರ ಕಾರ್ಕಳದ ಬಸ್ಸಿನಲ್ಲಿ ಇಬ್ಬರು ಬಂದರು.

ಇಲ್ಲಿಗೆ ನನ್ನ ಹೊಟ್ಟೆಕಿಚ್ಚು ತಣಿಯಿತು ಎಂದು ಬರೆದರೆ ಓದುವವರಿಗೆ ಸಮಾಧಾನವಾದೀತು. ತಣಿಯಲಿಲ್ಲ. ಅವರು ನಾಲ್ಕು ಬೈದಿದ್ದರೆ, ಇವರಿಗೆ ಚಾಡಿ ಹೇಳಿದ್ದರೆ, ನನಗೆ ದ್ವೇಷ ಮಾಡಲು ಒಂದು ಕಾರಣವಾದರೂ ಸಿಗುತ್ತಿತ್ತು. ಮಾನ ಉಳಿಸಿ ಹೋದರು. ಅದಕ್ಕೇ ಇನ್ನಷ್ಟು ಉರಿ. ಅಷ್ಟು ದೊಡ್ಡ ಮನಸ್ಸು ಅವಳಿಗೇ ಯಾಕೆ ಕೊಟ್ಟದ್ದು, ನನಗೆ ಸ್ವಲ್ಪ ಕೊಡಬಹುದಿತ್ತಲ್ಲ ಎಂದು ದೇವಿಯ ಹತ್ತಿರವೇ ಜಗಳ ಮಾಡಿದೆ. ಕಾಗದಗಳನ್ನು ಮಾತ್ರ ಅಂದಿನಿಂದ ಒಂದು ದಿನವೂ ತಪ್ಪದೆ ಬಸ್ಸಿಗೆ ಕೊಟ್ಟೆ. ಆಮೇಲೆ ಕೊರಿಯರ್ ಬಂತು, ಆಮೇಲೆ ಮೊಬೈಲು. ಡಾಕ್ಟ್ರುಗಳೆಲ್ಲ ವಾಟ್ಸಾಪಿಗೆ ಹೋದರು. ಇವರಿಬ್ಬರು ಕಾಗದ ಬಿಡಲಿಲ್ಲ.

ಆ ವರ್ಷದಿಂದ ಒಂದು ಬದಲಾವಣೆ ಆಯಿತು. ಆಟಿಯಲ್ಲಿ ಎಲೆಯ ಕಟ್ಟು ಬಂದಾಗ ಮೇಲೆ ಒಂದು ಚೀಟಿ ಸಿಕ್ಕಿಸಿರುತ್ತಿತ್ತು. ಅದರಲ್ಲಿ ಡಾಕ್ಟ್ರ ಹೆಸರಲ್ಲ, ನನ್ನ ಹೆಸರು. ಕನ್ನಡದಲ್ಲಿ, ಒಂದೇ ಸಾಲು. 'ನರ ಸಪೂರ ಉಂಟು, ಹೆಚ್ಚು ಹೆರೆಯಬೇಡಿ.' ಇನ್ನೊಂದು ವರ್ಷ, 'ಅಮ್ಮ ತೀರಿಕೊಂಡರು. ಎಲೆ ಕೊಯ್ದದ್ದು ನಾನೇ, ಹರಿದಿದ್ದರೆ ಬೇಸರ ಬೇಡ.' ಮತ್ತೊಮ್ಮೆ, 'ಈ ಸಲ ನಿಮ್ಮ ಪತ್ರೊಡೆ ಹೇಗಾಯಿತೆಂದು ನಿಮ್ಮವರು ಬರೆದಿದ್ದಾರೆ. ನನಗೆ ತಿನ್ನುವ ಭಾಗ್ಯ ಇಲ್ಲ.'

ನನ್ನ ಹೆಸರು ಬರೆದು ನನಗೆಂದೇ ಕಾಗದ ಕಳಿಸಿದವರು ಈ ಭೂಮಿಯಲ್ಲಿ ಅವರೊಬ್ಬರೇ. ಇವರಲ್ಲ. ತವರಿನವರೂ ಅಲ್ಲ. ಅವಳು.

ಪತ್ರೊಡೆ ಕಳಿಸಬಹುದಿತ್ತು. ಬಸ್ಸು ಇತ್ತು, ಕಂಡಕ್ಟರ್ ಇದ್ದ, ಬುತ್ತಿ ಇತ್ತು. ಕಳಿಸಲಿಲ್ಲ. ಒಂದು ಚೀಟಿಗೂ ಉತ್ತರ ಬರೆಯಲಿಲ್ಲ. ಉತ್ತರ ಬರೆಯದವರಿಗೆ ಎರಡನೆಯ ಸಲ ಕಳಿಸುವುದಿಲ್ಲ ಎಂದವರು ನನಗೆ ಮಾತ್ರ ವರ್ಷ ವರ್ಷವೂ ಕಳಿಸಿದರು. ನನ್ನದು ಮೊದಲು ಕೋಪ, ಆಮೇಲೆ ನಾಚಿಕೆ, ಆಮೇಲೆ ಇಷ್ಟು ತಡವಾಗಿ ಎಂತ ಬರೆಯುವುದು ಎಂಬ ಸಂಕೋಚ... ಚೀಟಿಗಳನ್ನು ಮಾತ್ರ ಬಿಸಾಡಲಿಲ್ಲ. ಎಲ್ಲ ಅಮ್ಮನ ಪಟದ ಹಿಂದೆ ಉಂಟು.

ಬುಧವಾರ ಬಂದ ಕಟ್ಟಿನ ಚೀಟಿಯಲ್ಲಿ ಅಕ್ಷರ ಓಲಾಡುತ್ತಿತ್ತು. 'ಈ ಸಲ ಎಲೆ ಸಣ್ಣದು. ಮರ ಹತ್ತುವವರು ಸಿಗಲಿಲ್ಲ, ನಿಂತಲ್ಲಿ ಕೈಗೆ ಸಿಕ್ಕಿದ್ದನ್ನು ಕೊಯ್ದಿದ್ದೇನೆ.'

ಇಷ್ಟೆಲ್ಲ ನೆನಪಾಗುವಾಗ ಗಡಿಯಾರ ನೋಡಿದೆ. ಫೋನ್ ಬಂದು ಅರ್ಧ ಗಂಟೆ ದಾಟಿತ್ತು. ಇವರು ಮಧ್ಯಾಹ್ನ ಊಟಕ್ಕೆ ಬಂದಾಗ, ಪತ್ರೊಡೆ ತಿಂದಾದ ಮೇಲೆ ಹೇಳೋಣ ಎಂದು ನನ್ನ ಲೆಕ್ಕ. ಊಟ ಸರಿಯಾಗಿ ಸೇರಲಿ ಎಂದು. ಹಾಗೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಚೂರಿ ಕೆಳಗಿಟ್ಟೆ. ಮತ್ತೆ ಅದೇ ಅಲ್ಲವಾ? ಕಾರ್ಕಳದಿಂದ ಬಂದ ಸುದ್ದಿಯನ್ನು ಇವರಿಗೆ ಕೊಡದೆ ನನ್ನ ಹತ್ತಿರವೇ ಇಟ್ಟುಕೊಂಡು ಕೂತಿದ್ದೇನೆ. 'ಫೋನು ಮಾತ್ರ ಇನ್ನು ಹಾಗೆ ಮಾಡಬೇಡಿ.'

ಕೈ ತೊಳೆಯದೆ ಇವರ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಇವರು ಆಗಷ್ಟೇ ಆಪರೇಷನ್ ಥಿಯೇಟರಿನಿಂದ ಹೊರಗೆ ಬಂದಿದ್ದರು.

"ಕಾರ್ಕಳದ ಡಾಕ್ಟ್ರಮ್ಮ ಹೋದ್ರಂತೆ. ಬೆಳಿಗ್ಗೆ. ನನಗೆ ಫೋನ್ ಬಂದು ಅರ್ಧ ಗಂಟೆ ಆಯಿತು. ಕೂಡಲೇ ಹೇಳ್ಬೇಕಿತ್ತು, ಹೇಳಲಿಲ್ಲ."

ಅವರ ಹಿಂದೆ ಯಾರೋ ಟ್ರೇ ತೊಳೆಯುತ್ತಿದ್ದರು.

"ನಿನ್ನೆ ಎಲೆ ತಂದವನಿಲ್ವಾ, ಅವರು ಕಳಿಸಿದವನು" ಎಂದರು ಇವರು. ಸ್ವರ ಒಡೆದಿತ್ತು. "ಅವನದ್ದೇ ಈಗ ಮುಗಿಸಿ ಬಂದೆ. ಅವರು ಕೈ ಇಟ್ಟು ಹೇಳಿದ್ದು ಸರಿ ಇತ್ತು, ಅಪೆಂಡಿಕ್ಸೇ. ಬರೆಯುವ ಅಂತ ಪೆನ್ನು ತೆಗೆದಿದ್ದೆ... ಇನ್ನು ಯಾರಿಗೆ ಬರೆಯುವುದು ಮಾರಾಯ್ತಿ?"

ನಾನು ಹೋದರೆ ಇವರ ಸ್ವರ ಹೀಗೆ ಒಡೆಯುತ್ತದಾ ಎಂದು ಆ ಗಳಿಗೆಯಲ್ಲೂ ಒಮ್ಮೆ ಅನ್ನಿಸಿತು. ದೇವರು ಕ್ಷಮಿಸಲಿ. ಇರುವುದನ್ನು ಬರೆಯುತ್ತಿದ್ದೇನೆ.

"ಬರೆಯಿರಿ" ಎಂದೆ. "ಯಾವಾಗಲೂ ಬರೆಯುವ ಹಾಗೆಯೇ ಬರೆಯಿರಿ. ಕವರಿಗೆ ಅಡ್ರೆಸ್ ನಾನು ಬರೀತೇನೆ. ಮಧ್ಯಾಹ್ನ ಕಾರ್ಕಳಕ್ಕೆ ಹೋಗುವ. ನಾನೂ ಬರ್ತೇನೆ."

"ನೀನಾ?" ಎಂದರು. ಆಮೇಲೆ "ಆಯ್ತು" ಎಂದರು.

ಫೋನ್ ಇಟ್ಟೆ. ಏಳನೆಯದು ಬಿಟ್ಟು ಇನ್ನೂ ಏಳು ಎಲೆ ಬಾಕಿ ಇತ್ತು. ಸಾವಾದ ಮನೆಗೆ ತಿಂಡಿ ಒಯ್ಯುವ ಕ್ರಮ ನಮ್ಮಲ್ಲಿ ಇಲ್ಲ, ತಿನ್ನುವವರೂ ಅಲ್ಲಿ ಇಲ್ಲ. ಆದರೂ ಅವರು ನಿಂತಲ್ಲಿಂದ ಕೈ ಎತ್ತಿ ಕೊಯ್ದ ಎಲೆಯನ್ನು ಬಾಡಲು ಬಿಡಲು ಮನಸ್ಸಾಗಲಿಲ್ಲ. ಕರೆಂಟು ಬಂದಿತ್ತು, ಹಿಟ್ಟು ಇನ್ನೂ ನೀರು ಬಿಟ್ಟಿರಲಿಲ್ಲ, ಅಷ್ಟು ಪುಣ್ಯ. ಉಳಿದ ಎಲೆಗಳ ನರ ಹೆರೆದೆ. ಸಪೂರ ಇತ್ತು, ಹೆಚ್ಚು ಹೆರೆಯಬೇಕಾಗಲಿಲ್ಲ. ಆಮೇಲೆ ಇದ್ದುದರಲ್ಲಿ ದೊಡ್ಡ ಎಲೆಯನ್ನು ಮಣೆಯ ಮೇಲೆ ಹಾಸಿ ಹಿಟ್ಟು ಸವರಲು ಕೂತೆ.